ಹೋಗಿ ಬರುವವಳಿಗೆ ಸಿಂಗಲ್ ಎಂಟ್ರಿ

ಮೊನ್ನೆ ಇಲ್ಲಿ ಟೆಕ್ಸಸ್ಸಿನ ಲಿಟಲ್ ಎಲ್ಮ್‌ನ ನಮ್ಮ ಬೀದಿಯ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. ಯುರೋಪಿಗೆ ಓದಲು ಹೋಗುತ್ತಾಳಂತೆ, ಸ್ಟೂಡೆಂಟ್ ವೀಸಾ ಇಂಟರ್‌ವ್ಯೂನಲ್ಲಿ ಏನು ಹೇಳಬೇಕು ಆಂಟಿ ಎಂದು ಕೇಳಿದಳು. ಏನು ಹೇಳಬೇಕು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಏನು ಹೇಳಬಾರದು ಎಂಬುದು ಮಾತ್ರ ಚೆನ್ನಾಗಿ ಗೊತ್ತು, ಯಾಕೆಂದರೆ ಅದನ್ನು ನಾನು ಹೇಳಿ ಬಂದವಳು. ಅವಳಿಗೆ ಹೇಳಿದ್ದನ್ನೇ ಇಲ್ಲೂ ಹಾಕುತ್ತಿದ್ದೇನೆ. ಉದ್ದ ಇದೆ. ಪುರುಸೊತ್ತಿಲ್ಲದವರು ಲೈಕ್ ಒತ್ತಿ ಮುಂದೆ ಹೋಗಿ. ಹೇಗೂ ನೀವು ಮಾಡುವುದು ಅದನ್ನೇ.

ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ವರ್ಷವಾಗಿತ್ತು. ನಾವಿದ್ದದ್ದು ಕಾಪೆಲ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ. ಡಾಲಸ್ ಏರ್‌ಪೋರ್ಟ್ ಎಷ್ಟು ಹತ್ತಿರವೆಂದರೆ ಬಾಲ್ಕನಿಯಲ್ಲಿ ನಿಂತರೆ ವಿಮಾನಗಳ ಹೊಟ್ಟೆ ಕಾಣುತ್ತಿತ್ತು. ಅಲ್ಲಿ ಬಟ್ಟೆ ಒಣಹಾಕುವಂತಿರಲಿಲ್ಲ, ಮ್ಯಾನೇಜರ್ ಬಂದು ಬೈಯುತ್ತಿದ್ದ. ಹಾಗಾಗಿ ಸುಮ್ಮನೆ ನಿಂತು ವಿಮಾನ ನೋಡುವುದೇ ನನ್ನ ಉದ್ಯೋಗ. ಇದು ತಮಾಷೆಯ ಮಾತಲ್ಲ. ನನ್ನ ಗಂಡ ಹೈವೇ ಸೇತುವೆಗಳ ಎಂಜಿನಿಯರ್, ಧಾರವಾಡದವರು. ನಾನು ಹಾಸನದವಳು, ಕೃಷಿ ಓದಿದವಳು, ಗಿಡಗಳ ರೋಗದ ವಿಷಯದಲ್ಲಿ ಒಳ್ಳೆಯ ಅಂಕ ತೆಗೆದವಳು. ಆದರೆ ಅಮೆರಿಕಾದಲ್ಲಿ ನಾನಿದ್ದದ್ದು ಎಚ್-ಫೋರ್ ವೀಸಾದ ಮೇಲೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಅದು ಗಂಡನ ವೀಸಾಗೆ ಅಂಟಿಸಿದ ಬಾಲ. ಬಾಲ ಅಲ್ಲಾಡಬಹುದು, ಅಡುಗೆ ಮಾಡಬಹುದು, ಕೆಲಸಕ್ಕೆ ಸೇರುವ ಹಾಗಿಲ್ಲ.

ಹಾಗೆ ಅಲ್ಲಾಡಿಕೊಂಡಿರುವಾಗ ಪಬ್ಲಿಕ್ ಲೈಬ್ರರಿಯ ಕಂಪ್ಯೂಟರಿನಲ್ಲಿ ಒಂದು ಕೋರ್ಸ್ ಕಣ್ಣಿಗೆ ಬಿತ್ತು. ಯುರೋಪಿನ ಒಂದು ದೇಶ. ಹೆಸರು ಹೇಳುವುದಿಲ್ಲ, ಆಲೂಗಡ್ಡೆ ದೇಶ ಎಂದುಕೊಳ್ಳಿ. ಅಲ್ಲಿ ಆಲೂಗಡ್ಡೆಗೆ ಬರುವ ಅಂಗಮಾರಿ ರೋಗದ ಮೇಲೆಯೇ ಮಾಸ್ಟರ್ಸ್ ಮಾಡಬಹುದಿತ್ತು. ಹಾಸನದಲ್ಲಿ ಬೆಳೆದವರಿಗೆ ಅಂಗಮಾರಿಯನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಮೋಡ ಮುಸುಕಿ ಜಿಟಿಜಿಟಿ ಹಿಡಿದರೆ ಸಾಕು, ಎಲೆಯ ಮೇಲೆ ಕಪ್ಪು ಮಚ್ಚೆ ಕಾಣಿಸುತ್ತದೆ, ನೋಡುನೋಡುತ್ತಿದ್ದಂತೆ ಇಡೀ ಹೊಲ ಬಿಸಿನೀರು ಎರಚಿದ ಹಾಗೆ ಆಗಿಬಿಡುತ್ತದೆ. ನಾನು ಅರ್ಜಿ ಹಾಕಿದೆ. ಸೀಟು ಕೊಟ್ಟರು, ಜೊತೆಗೆ ವಿದ್ಯಾರ್ಥಿವೇತನವನ್ನೂ ಕೊಟ್ಟರು. ಒಂದೇ ಷರತ್ತು. ತರಗತಿ ಶುರುವಾಗುವ ದಿನ ಅಲ್ಲಿರಬೇಕು. ಇಲ್ಲದಿದ್ದರೆ ಎರಡೂ ಕಾಯುತ್ತಿರುವ ಮುಂದಿನವರಿಗೆ. ಮುಂದಿನ ವರ್ಷ ಬರುತ್ತೇನೆ ಎಂದರೆ ಆಗುವುದಿಲ್ಲ. ಅಂದರೆ ಬೇಸಿಗೆ ಮುಗಿಯುವುದರೊಳಗೆ ವೀಸಾ ಸಿಕ್ಕರೆ ನಾನು ಮತ್ತೆ ವಿದ್ಯಾರ್ಥಿನಿ. ಸಿಗದಿದ್ದರೆ ಮತ್ತೆ ಬಾಲ.

ಇದನ್ನು, ಎಲ್ಲರೂ ಒಂದೊಂದು ಅಡುಗೆ ತಂದು ಸೇರುವ ಒಂದು ಪಾಟ್‌ಲಕ್‌ನಲ್ಲಿ ಬಾಯಿಬಿಟ್ಟೆ. ಆಗಿನ ಟೆಕ್ಸಸ್ ಕನ್ನಡಿಗರ ಪಾಟ್‌ಲಕ್‌ನಲ್ಲಿ ಎರಡೇ ವಿಷಯ ಓಡುತ್ತಿದ್ದವು. ಗಂಡಸರ ಸೋಫಾದಲ್ಲಿ ಗ್ರೀನ್ ಕಾರ್ಡ್ ಯಾವ ಹಂತಕ್ಕೆ ಬಂತು, ಹೆಂಗಸರ ಅಡುಗೆಮನೆಯಲ್ಲಿ ಯಾವ ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಯಾವ ಪ್ರದೇಶದ ಶಾಲೆಗಳು, ಒಳ್ಳೆಯದು. ಮಕ್ಕಳಿಲ್ಲದವರೂ ಸ್ಕೂಲ್ ಡಿಸ್ಟ್ರಿಕ್ಟ್ ಬಗ್ಗೆ ಅಭಿಪ್ರಾಯ ಇಟ್ಟುಕೊಳ್ಳಲೇಬೇಕಿತ್ತು. ಇದರ ಮಧ್ಯೆ ನಾನು, ಆಲೂಗಡ್ಡೆ ಓದಲು ಯುರೋಪಿಗೆ ಹೋಗುತ್ತೇನೆ ಎಂದೆ. ಬಿಸಿಬೇಳೆಬಾತ್ ಬಡಿಸುತ್ತಿದ್ದ ಸೌಟು ನಿಂತಿತು.

ಸೌಟು ಹಿಡಿದಿದ್ದ ಆಂಟಿ ನಮ್ಮ ಕಾಪೆಲ್‌ನ ಹಿರಿಯರು. ಅವರಿಗೆ ಗೊತ್ತಾದರೆ ಡಾಲಸ್‌ಗೆ ಗೊತ್ತಾದ ಹಾಗೆ. ಬಹಳ ಮರುಕದಿಂದ ನನ್ನನ್ನು ನೋಡಿದರು.

“ಇಲ್ಲೇ ಮೂಟೆಗಟ್ಟಲೆ ಸಿಗತ್ತಲ್ಲಮ್ಮ ಆಲೂಗಡ್ಡೆ, ಅದಕ್ಯಾಕೆ ಯುರೋಪು?”

ಅಂಕಲ್‌ಗಳ ಚಿಂತೆ ಬೇರೆ. ಗ್ರೀನ್ ಕಾರ್ಡ್ ಅರ್ಜಿ ಹಾಕಬೇಕಾದ ಹೊತ್ತಿನಲ್ಲಿ ಹೆಂಡತಿ ದೇಶ ಬಿಟ್ಟರೆ ಕೇಸ್ ಹಾಳಾಗುತ್ತದೆ ಎಂದು ಒಬ್ಬರು. ಅಮೆರಿಕಾ ಸೇರಿದ ಮೇಲೂ ಇನ್ನೊಂದು ದೇಶದ ವೀಸಾಗೆ ಅರ್ಜಿ ಹಾಕುವವರನ್ನು ನಾನು ನೋಡಿಯೇ ಇಲ್ಲ ಎಂದು ಇನ್ನೊಬ್ಬರು. ಸ್ವರ್ಗದ ಬಾಗಿಲಲ್ಲಿ ನಿಂತು ಪಕ್ಕದ ಬೀದಿಯ ವಿಳಾಸ ಕೇಳಿದವಳ ಹಾಗೆ ನನ್ನನ್ನು ನೋಡಿದರು. ಊಟವಾದ ಮೇಲೆ ಆಂಟಿ ನನ್ನ ಮೊಣಕೈ ಹಿಡಿದು ಫ್ರಿಜ್ಜಿನ ಮರೆಗೆ ಕರೆದುಕೊಂಡು ಹೋದರು.

“ಮನೇಲಿ ಎಲ್ಲಾ ಸರಿಯಾಗಿದೆ ತಾನೇ? ನಂಗೆ ಹೇಳ್ಬಹುದು ಪುಟ್ಟ, ನಾನ್ಯಾರಿಗೂ ಹೇಳಲ್ಲ.”

ಅವರು ಯಾರಿಗೂ ಹೇಳಲಿಲ್ಲ, ಕೇಳಿದರು ಅಷ್ಟೇ. ಎಲ್ಲರನ್ನೂ ಕೇಳಿದರು. ಮಾರನೆಯ ದಿನ ಆಸ್ಟಿನ್‌ನಿಂದ ಫೋನ್ ಬಂತು. ನಮಗೆ ಪರಿಚಯದ ಮಂಗಳೂರಿನ ಕ್ರಿಶ್ಚಿಯನ್ ಹುಡುಗ, ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದ. ಅಕ್ಕ, ನೀವು ಮತ್ತು ಭಾವ ಒಟ್ಟಿಗೆ ಇದ್ದೀರಿ ಅಲ್ವಾ ಎಂದು ಬಹಳ ಗೌರವದಿಂದ ವಿಚಾರಿಸಿದ. ಗಂಡ ಪಕ್ಕದಲ್ಲೇ ಕೂತು ಅವಲಕ್ಕಿ ತಿನ್ನುತ್ತಿದ್ದರು, ಅವರಿಗೇ ಫೋನ್ ಕೊಟ್ಟೆ. ಸಂಶಯ ತೀರಿದ ಮೇಲೆ ಹುಡುಗ ಸಹಾಯಕ್ಕೆ ನಿಂತ. ಸಮ್ಮೇಳನ, ಸೆಮಿನಾರು ಎಂದು ಯುರೋಪಿನ ಎಷ್ಟೋ ದೇಶ ಸುತ್ತಿದವನು ಅವನು. ಟೆಕ್ಸಸ್ಸಿನ ನಮ್ಮ ವಿದ್ಯಾರ್ಥಿಗಳೆಲ್ಲ ಅವನನ್ನು ವೀಸಾ ಪಂಡಿತ ಎಂದೇ ಕರೆಯುತ್ತಿದ್ದರು. ನಮಗೂ ಆಸ್ಟಿನ್‌ನಲ್ಲಿ ಕೆಲಸವಿತ್ತು. ನನ್ನ ಖರ್ಚಿಗೆ ತಾವೇ ಹೊಣೆ ಎಂದು ಗಂಡ ಬರೆದ ಪತ್ರಕ್ಕೆ ಅಲ್ಲಿನ ಸರ್ಕಾರಿ ಕಚೇರಿಯ ಮುದ್ರೆ ಬೀಳಬೇಕಿತ್ತು. ಗಂಡ ಹೆಂಡತಿಯನ್ನು ಸಾಕುತ್ತಾನೆ ಎಂಬುದಕ್ಕೆ ಟೆಕ್ಸಸ್ ರಾಜ್ಯದ ಸಾಕ್ಷಿ.

ಮುದ್ರೆ ಹಾಕಿಸಿಕೊಂಡು ಪಂಡಿತನ ಮನೆಗೆ ಹೋದೆವು. ಒಲೆಯ ಮೇಲೆ ಮೀನು ಸಾರು ಕುದಿಯುತ್ತಿತ್ತು. ನನ್ನನ್ನು ಎದುರಿಗೆ ಕೂರಿಸಿಕೊಂಡು ಅಣಕು ಇಂಟರ್‌ವ್ಯೂ ಶುರು ಮಾಡಿದ. ಈ ಕೋರ್ಸ್ ಯಾಕೆ ಎಂದು ಕೇಳಿದ. ಅಂಗಮಾರಿಯ ಬಗ್ಗೆ ಹೇಳಲು ಹೊರಟೆ. ಸೌಟು ಎತ್ತಿ ತಡೆದ.

“ಅಕ್ಕ, ಸತ್ಯ ಎಲ್ಲ ಹೇಳ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ. ಅವರಿಗೆ ಬೇಕಾದ್ದು ಒಂದೇ, ನೀವು ಅಲ್ಲಿ ಕೂತುಬಿಡುದಿಲ್ಲ ಅಂತ. ಏನೇ ಕೇಳಲಿ, ಕೊನೆಗೆ ವಾಪಸ್ ಬರ್ತೇನೆ ಅಂತ ಸೇರಿಸಿ.”

ಏನೇ ಕೇಳಲಿ ಎಂದರೆ ಏನೇ ಕೇಳಲಿ. ಹೆಸರು ಕೇಳಿದರೂ ಹೆಸರು ಹೇಳಿ ವಾಪಸ್ ಬರುತ್ತೇನೆ ಎನ್ನಬೇಕು, ಹೆಚ್ಚುಕಡಿಮೆ ಆ ಮಟ್ಟಕ್ಕೆ ತಯಾರು ಮಾಡಿದ. ಅರ್ಜಿಯನ್ನೂ ಅವನೇ ಕೂತು ತುಂಬಿಸಿದ. ಅದರಲ್ಲಿ ಒಂದು ಪ್ರಶ್ನೆ ಇತ್ತು: ಸಿಂಗಲ್ ಎಂಟ್ರಿ ಬೇಕೋ, ಮಲ್ಟಿಪಲ್ ಬೇಕೋ. ಒಂದೇ ಸಲ ಒಳಗೆ ಹೋಗುವ ವೀಸಾನೋ, ಹಲವು ಸಲ ಹೋಗಿ ಬರುವ ವೀಸಾನೋ. ಪಂಡಿತ ಸಿಂಗಲ್ ಎಂದ. ಹೆಚ್ಚು ಕೇಳಿದರೆ ಇವಳು ತಿರುಗಾಡಲು ಹೊರಟವಳು ಎಂದು ಸಂಶಯ ಬರುತ್ತದಂತೆ, ಕಡಿಮೆ ಕೇಳಿದರೆ ಬೇಗ ಕೊಡುತ್ತಾರಂತೆ. ನನಗೆ ಇದು ಬಹಳ ಸರಿ ಎನಿಸಿತು. ನಾವು ಬೆಳೆದದ್ದೇ ಹಾಗಲ್ಲವೇ. ಹಸಿವು ಹೊಟ್ಟೆ ಸುಡುತ್ತಿದ್ದರೂ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಸಾಕು ಸಾಕು ಎನ್ನುವ ಜನ. ಬಡಿಸುವವರು ನಮ್ಮ ಕೈಸಂದಿಯಿಂದ ಸುರಿಯುತ್ತಾರೆ ಎಂಬ ಧೈರ್ಯ. ಯುರೋಪಿನವರು ಸಾಕು ಎಂದರೆ ಸೌಟು ವಾಪಸ್ ತೆಗೆದುಕೊಂಡು ಹೋಗುತ್ತಾರೆ ಎಂದು ನನಗಾಗಲಿ ಪಂಡಿತನಿಗಾಗಲಿ ಹೊಳೆಯಲಿಲ್ಲ. ಸಿಂಗಲ್ ಎಂಬಲ್ಲಿ ಗುರುತು ಹಾಕಿದೆ.

ಕಾನ್ಸುಲೇಟ್ ಇದ್ದದ್ದು ಹ್ಯೂಸ್ಟನ್‌ನಲ್ಲಿ. ಬೆಳಗಿನ ಅಪಾಯಿಂಟ್‌ಮೆಂಟ್, ಹಾಗಾಗಿ ಹಿಂದಿನ ದಿನವೇ ಹೊರಟೆವು. ದಾರಿಯುದ್ದಕ್ಕೂ ಗಂಡ ಡ್ರೈವ್ ಮಾಡುತ್ತಾ ವೀಸಾ ಆಫೀಸರ್ ಆದರು.

“ಏನವಾ, ನಮ್ಮ ದೇಶಕ್ಕ ಯಾಕ ಬರ್ತಿ? ನಿಮ್ಮೂರಾಗ ಬಟಾಟಿ ಇಲ್ಲೇನು?”

ನಾನು ವಾಪಸ್ ಬರುತ್ತೇನೆ ಎಂದೆ. ಗಂಡನ್ನ ಬಿಟ್ಟು ಹೊಂಟೀಯೇನು ಎಂದರು. ವಾಪಸ್ ಬರುತ್ತೇನೆ ಎಂದೆ. ಚಹಾ ಕುಡೀತೀಯೇನು ಎಂದರು. ಅದಕ್ಕೂ ಬಾಯಿ ತಾನಾಗಿ ವಾಪಸ್ ಬರುತ್ತೇನೆ ಎಂದಿತು. ನಕ್ಕೆವು. ಆಮೇಲೆ ಅವರು ರೇಡಿಯೋ ಹಾಕಿದರು.

ಉಳಿದುಕೊಂಡದ್ದು ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ, ನನ್ನ ತಂದೆಯ ಸ್ನೇಹಿತರ ಮನೆಯಲ್ಲಿ. ಅಂಕಲ್ ನಿವೃತ್ತ ಡಾಕ್ಟರ್. ಅವರ ಕಾಲದಲ್ಲಿ ಅಮೆರಿಕಾದವರೇ ಡಾಕ್ಟರುಗಳನ್ನು ಕರೆದು ಕರೆದು ವೀಸಾ ಕೊಡುತ್ತಿದ್ದರಂತೆ, ಹಾಗಾಗಿ ಇಂಟರ್‌ವ್ಯೂ ಎಂದರೆ ಯಾಕೆ ಹೆದರಬೇಕು ಎಂಬುದೇ ಅವರಿಗೆ ಅರ್ಥವಾಗಲಿಲ್ಲ. ಯುರೋಪನ್ನು ಅವರು ಬಸ್ಸಿನಲ್ಲಿ ಕೂತು ಪೂರ್ತಿ ನೋಡಿ ಮುಗಿಸಿದ್ದರು. ಅಲ್ಲಿ ಓದುವಂಥದ್ದೇನೂ ಕಾಣಲಿಲ್ಲ ಎಂದರು. ಆಂಟಿ ಮಾತ್ರ ನನ್ನ ಪಕ್ಷ. ಹೋಗಲಿ ಬಿಡಿ, ಓದ್ಕೊಂಡು ಬರ್ಲಿ ಎಂದು ಅವರ ಬಾಯಿ ಮುಚ್ಚಿಸಿದರು.

ಬೆಳಿಗ್ಗೆ ಹೊರಡುವ ಅವಸರದಲ್ಲಿ ಫೈಲು ಎತ್ತಿಕೊಂಡು, ಆಂಟಿ, ನಾನು ಹೋಗ್ತೀನಿ ಎಂದುಬಿಟ್ಟೆ. ಹೊಸಿಲು ದಾಟಿದವಳನ್ನು ಆಂಟಿ ಒಳಗೆ ಕರೆದರು. ಕುರ್ಚಿಯಲ್ಲಿ ಕೂರಿಸಿದರು. ಒಂದು ಲೋಟ ನೀರು ಕುಡಿಸಿದರು.

“ಹೋಗ್ತೀನಿ ಅಂತಾರಾ ಯಾರಾದ್ರೂ? ಬಿಡ್ತು ಅನ್ನು. ಹೋಗಿ ಬರ್ತೀನಿ ಅನ್ನು.”

ಬಿಡ್ತು ಎಂದೆ. ಹೋಗಿ ಬರ್ತೀನಿ ಎಂದೆ. ಕಾರಿನ ಬಾಗಿಲು ಹಾಕುವಾಗ ಕಿಟಕಿಯಿಂದ ಇನ್ನೊಂದು ಸಲ ಹೇಳಿಸಿದರು. ಹ್ಯೂಸ್ಟನ್ ಟ್ರಾಫಿಕ್ಕಿನಲ್ಲಿ ಮುಂದಿನ ಕಾರುಗಳ ಕೆಂಪು ದೀಪ ನೋಡುತ್ತಾ ಹೋಗಿ ಬರ್ತೀನಿ, ವಾಪಸ್ ಬರ್ತೀನಿ ಎಂದು ಜಪ ಮಾಡಿಕೊಂಡು ಹೋದೆ.

ಕಾನ್ಸುಲೇಟ್ ಒಂದು ಎತ್ತರದ ಕಟ್ಟಡದ ಮೇಲಿನ ಮಹಡಿಯಲ್ಲಿತ್ತು. ಗಂಡನನ್ನು ಒಳಗೆ ಬಿಡಲಿಲ್ಲ, ಕೆಳಗೆ ಕಾರಿನಲ್ಲೇ ಕೂತರು. ದಪ್ಪ ಗಾಜಿನ ಆಚೆ ಒಬ್ಬ ಹೆಂಗಸು, ನನ್ನ ದೊಡ್ಡಮ್ಮನ ವಯಸ್ಸು, ಗಂಡುಮಕ್ಕಳ ಹಾಗೆ ಕತ್ತರಿಸಿದ ಬಿಳಿ ಕೂದಲು, ನಗಬೇಕೆಂದು ಯಾರೂ ಹೇಳಿಕೊಡದ ಮುಖ. ಇಷ್ಟು ವರ್ಷ ಟೆಕ್ಸಸ್ಸಿನಲ್ಲಿದ್ದು ಅಂಗಡಿಯವರು, ಬ್ಯಾಂಕಿನವರು ಎಲ್ಲರೂ ಹಲ್ಲು ಬಿಟ್ಟು ಹೇಗಿದ್ದೀರಿ ಎಂದು ಕೇಳುವುದಕ್ಕೆ ಒಗ್ಗಿಹೋಗಿದ್ದ ನನಗೆ ಆ ಮುಖ ನೋಡಿಯೇ ವೀಸಾ ಕೈತಪ್ಪಿದಂತೆ ಅನಿಸಿತು.

ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯಿತು. ಏನು ಓದಲು ಹೋಗುತ್ತೀರಿ ಎಂದರು. ಹೇಳಿದೆ, ವಾಪಸ್ ಬರುತ್ತೇನೆ ಎಂದೂ ಸೇರಿಸಿದೆ. ಎಲ್ಲಿ ಉಳಿದುಕೊಳ್ಳುತ್ತೀರಿ ಎಂದರು. ಹಾಸ್ಟೆಲಿನಲ್ಲಿ, ಆಮೇಲೆ ವಾಪಸ್ ಬರುತ್ತೇನೆ. ಗಂಡ ಏನು ಮಾಡುತ್ತಾರೆ. ಸೇತುವೆ, ಮತ್ತೆ ನಾನು ವಾಪಸ್ ಬರುತ್ತೇನೆ. ಆಕೆ ಪಾಸ್‌ಪೋರ್ಟ್ ತಿರುವುತ್ತಾ ಅಮೆರಿಕಾ ವೀಸಾದ ಪುಟದಲ್ಲಿ ನಿಂತರು. ಅದರ ಅವಧಿ ಯಾವಾಗಲೋ ಮುಗಿದಿತ್ತು. ದೇಶದ ಒಳಗೆ ಇರಲು ಅಡ್ಡಿಯಿಲ್ಲ, ಅದಕ್ಕೆ ಬೇರೆ ಕಾಗದವಿತ್ತು. ಆದರೆ ಒಮ್ಮೆ ಹೊರಗೆ ಕಾಲಿಟ್ಟರೆ ಮತ್ತೆ ಒಳಗೆ ಬರಲು ಹೊಸದಾಗಿ ಮುದ್ರೆ ಹಾಕಿಸಿಕೊಳ್ಳಬೇಕು. ಅಮೆರಿಕಾದ ನಮ್ಮ ಅರ್ಧ ಜನ ಹೀಗೇ ಇದ್ದೆವು, ಒಳಗಿರುವಷ್ಟು ಹೊತ್ತು ಒಳಗಿನವರು. ಆ ಮುದ್ರೆ ಪಡೆಯುತ್ತೇನೆ ಎಂದೆ. ಆಕೆ ಏನೋ ಬರೆದುಕೊಂಡರು. ಆಯಿತು, ಪಾಸ್‌ಪೋರ್ಟ್ ಇಲ್ಲೇ ಇರಲಿ, ನಿರ್ಧಾರದ ಜೊತೆ ಅಂಚೆಯಲ್ಲಿ ಬರುತ್ತದೆ, ನೀವು ಹೊರಡಬಹುದು ಎಂದರು.

ಇಂಟರ್‌ವ್ಯೂ ಮುಗಿದಿತ್ತು. ಬಾಯಿ ಮುಚ್ಚಿಕೊಂಡು ಎದ್ದು ಬಂದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಕಾಗದಗಳನ್ನು ಫೈಲಿಗೆ ತುರುಕಿ ಎದ್ದೆ. ಹಿರಿಯರ ಮುಂದಿನಿಂದ ಎದ್ದಾಗ ಬರುವ ಮಾತು ತಾನಾಗಿ ಬಂತು, ಇಂಗ್ಲಿಷ್ ಬಟ್ಟೆ ತೊಟ್ಟುಕೊಂಡು.

“ಥ್ಯಾಂಕ್ ಯು ಮೇಡಂ. ಐ ವಿಲ್ ಗೋ ಅಂಡ್ ಕಮ್.”

ಆಕೆ ತಲೆಯೆತ್ತಿದರು. ಇವತ್ತೇ ಮತ್ತೆ ಬರುತ್ತೀರಾ ಎಂದರು. ಇಲ್ಲ ಎಂದೆ. ಹಾಗಾದರೆ ನಮ್ಮ ದೇಶಕ್ಕೆ ಪದೇ ಪದೇ ಹೋಗಿ ಬರುತ್ತೀರಾ, ಅರ್ಜಿಯಲ್ಲಿ ಸಿಂಗಲ್ ಎಂದು ಬರೆದಿದ್ದೀರಲ್ಲ, ಯಾವುದು ನಿಜ ಎಂದರು. ನನ್ನನ್ನು ಮತ್ತೆ ಕೂರಿಸಿದರು. ಈ ಸಲ ಯಾರೂ ನೀರು ಕೊಡಲಿಲ್ಲ.

ಈಗ ನೋಡಿ ನನ್ನ ಪಾಡು. ಗಾಜಿನ ತೂತಿನ ಮೂಲಕ, ಹಿಂದೆ ಕ್ಯೂ ನಿಂತಿರುವಾಗ, ಯುರೋಪಿನ ಸರ್ಕಾರಿ ಅಧಿಕಾರಿಗೆ ಕನ್ನಡದ ಶಾಸ್ತ್ರ ವಿವರಿಸಬೇಕು. ನಮ್ಮ ಭಾಷೆಯಲ್ಲಿ ಯಾರೂ ಬರಿದೇ ಹೋಗುತ್ತೇನೆ ಎನ್ನುವುದಿಲ್ಲ ಮೇಡಂ, ಬರಿದೇ ಹೋಗುವುದು ಎಂದರೆ ಸತ್ತುಹೋಗುವುದು, ಹಾಗಾಗಿ ಹೋಗಿ ಬರುತ್ತೇನೆ ಎನ್ನುತ್ತೇವೆ ಎಂದೆ. ಬರದಿದ್ದರೂ ಹಾಗೇ ಎನ್ನುತ್ತೀರಾ ಎಂದು ಕೇಳಿದರು. ಹೌದು ಎಂದೆ. ಹಾಲು ತರಲು ಹೋಗುವವರೂ, ಇನ್ನೆಂದೂ ಆ ಮನೆಯ ಮುಖ ನೋಡುವುದಿಲ್ಲ ಎಂದು ಜಗಳ ಮಾಡಿ ಹೊರಟವರೂ ಹಾಗೇ ಎನ್ನುತ್ತಾರೆ ಎಂದು ಸೇರಿಸಿದೆ. ನಾನು ಒಳ್ಳೆಯ ವಿವರಣೆ ಕೊಡುತ್ತಿದ್ದೇನೆಂದೇ ನಂಬಿದ್ದೆ.

ಆಕೆ ಪೆನ್ನು ಕೆಳಗಿಟ್ಟರು.

“ಹಾಗಾದರೆ ಇಷ್ಟು ಹೊತ್ತು ವಾಪಸ್ ಬರುತ್ತೇನೆ, ವಾಪಸ್ ಬರುತ್ತೇನೆ ಎಂದಿರಲ್ಲ. ಅದೂ ಇದೇ ಏನು?”

ಪಂಡಿತ ಈ ಪ್ರಶ್ನೆಗೆ ತಯಾರು ಮಾಡಿರಲಿಲ್ಲ. ಆಲೂಗಡ್ಡೆ ದೇಶದ ನಕ್ಷೆ ಗೋಡೆಯ ಮೇಲಿತ್ತು, ಅದನ್ನು ನೋಡಿದೆ. ಹೋಯಿತು ಎಂದುಕೊಂಡೆ. ಹೇಗೂ ಹೋಯಿತಲ್ಲ, ಇನ್ನು ಸುಳ್ಳು ಯಾಕೆ ಎನಿಸಿತು.

“ಹೌದು ಮೇಡಂ. ಹಾಗೆ ಹೇಳು ಅಂತ ಹೇಳಿಕೊಟ್ಟಿದ್ದರು. ವಾಪಸ್ ಅಂದರೆ ಎಲ್ಲಿಗೆ ಅಂತ ನನಗೇ ಗೊತ್ತಿಲ್ಲ.”

ಆಮೇಲೆ ಎಲ್ಲವನ್ನೂ ಬಡಬಡಿಸಿದೆ. ಗಂಡ ಇಲ್ಲಿದ್ದಾರೆ, ಆದರೆ ನನ್ನ ಮುದ್ರೆಯ ಅವಧಿ ಮುಗಿದಿದೆ. ನನ್ನೂರು ಹಾಸನ, ಅಲ್ಲಿ ಸದ್ಯಕ್ಕೆ ನನಗೆ ಕೆಲಸವಿಲ್ಲ. ಇಲ್ಲಿ ಕೆಲಸ ಮಾಡುವ ಹಾಗಿಲ್ಲ. ನಿಮ್ಮ ದೇಶದಲ್ಲಿ ಉಳಿಯುವ ಆಸೆಯೂ ಇಲ್ಲ, ಅಲ್ಲಿನ ಊಟ ನೋಡಿದರೆ ಯಾರಿಗೂ ಇರಲಾರದು. ಆ ಕೊನೆಯ ವಾಕ್ಯ ಬೇಕಿರಲಿಲ್ಲ, ಗೊತ್ತು. ಗಂಡ ಎಲ್ಲಿರುತ್ತಾರೋ ಅಲ್ಲಿಗೆ ಬರುತ್ತೇನೆ, ನನಗೆ ಗೊತ್ತಿರುವುದು ಅಷ್ಟೇ ಎಂದೆ. ಆಕೆ ಪೆನ್ನು ಮತ್ತೆ ಎತ್ತಿಕೊಂಡು, ನಿಮ್ಮ ಊರಿನ ಆಲೂಗಡ್ಡೆಗೆ ಏನಾಗುತ್ತದೆ ಎಂದು ಕೇಳಿದರು.

ಮಚ್ಚೆಯ ಬಗ್ಗೆ ಹೇಳಿದೆ. ರೋಗ ಬಿದ್ದ ಹೊಲದ ವಾಸನೆಯ ಬಗ್ಗೆ ಹೇಳಿದೆ, ಕೊಳೆತ ಎಲೆಯ ಆ ವಾಸನೆ ರಸ್ತೆಯ ತನಕ ಬರುತ್ತದೆ, ಬಸ್ಸಿನಲ್ಲಿ ಕೂತವರಿಗೂ ಗೊತ್ತಾಗುತ್ತದೆ. ಯಾವ ತಳಿ ತಡೆದುಕೊಳ್ಳುತ್ತದೆ, ಯಾವುದು ಮಲಗಿಬಿಡುತ್ತದೆ ಎಂದೂ ಹೇಳಿದೆ. ಟೆಕ್ಸಸ್ಸಿಗೆ ಬಂದ ಮೇಲೆ ಅಂಗಮಾರಿಯ ಬಗ್ಗೆ ಒಬ್ಬರು ಕೇಳಿ, ಉತ್ತರಕ್ಕೂ ಕಾದದ್ದು ಅದೇ ಮೊದಲು. ಹಿಂದಿನ ಕ್ಯೂನಲ್ಲಿ ಯಾರೋ ಕೆಮ್ಮಿದರು. ನಾನು ನಿಲ್ಲಿಸಲಿಲ್ಲ.

ಆಕೆ ನನ್ನ ಅರ್ಜಿಯನ್ನು ಗಾಜಿನ ಕೆಳಗಿಂದ ಈಚೆ ತಳ್ಳಿದರು. ಸಿಂಗಲ್ ತೆಗೆದುಕೊಂಡರೆ, ರಜೆಯಲ್ಲಿ ಗಂಡನನ್ನು ನೋಡಲು ನಮ್ಮ ದೇಶದಿಂದ ಹೊರಗೆ ಹೋದರೆ ಮತ್ತೆ ಒಳಗೆ ಬರಲು ಆಗುವುದಿಲ್ಲ, ಕೋರ್ಸ್ ಅರ್ಧಕ್ಕೇ ನಿಲ್ಲುತ್ತದೆ, ಇದು ನಿಮಗೆ ಗೊತ್ತಿತ್ತೇ ಎಂದರು. ಗೊತ್ತಿರಲಿಲ್ಲ. ಸಾಕು ಸಾಕು ಎಂದು ನಾನೇ ನನ್ನ ಎಲೆ ಎತ್ತಿಕೊಂಡು ಹೊರಟಿದ್ದೆ. ಸಿಂಗಲ್ ಹೊಡೆದುಹಾಕಿ ಮಲ್ಟಿಪಲ್ ಎಂದು ಬರೆದು ಪಕ್ಕದಲ್ಲಿ ಸಹಿ ಹಾಕಿ ಎಂದರು. ಹಾಕಿದೆ. ಕೊಡುತ್ತಾರೆಂದಾಗಲಿ ಇಲ್ಲವೆಂದಾಗಲಿ ಹೇಳಲಿಲ್ಲ. ನಾನು ಹೊರಡುವಾಗ ಏನು ಹೇಳಬೇಕೆಂದು ತಿಳಿಯದೆ ಬರೀ ತಲೆಯಾಡಿಸಿ ಬಂದೆ.

ಕಾರಿನಲ್ಲಿ ಗಂಡನಿಗೆ ಎಲ್ಲವನ್ನೂ ಹೇಳಿದೆ. ಊಟದ ಬಗ್ಗೆ ಆಡಿದ ಮಾತಿಗೆ ಅವರು ಹಣೆ ಸ್ಟೀರಿಂಗಿಗೆ ಹಚ್ಚಿದರು. ವಾಪಸ್ ಅಂದರೆ ಎಲ್ಲಿಗೆ ಗೊತ್ತಿಲ್ಲ ಎಂದದ್ದಕ್ಕೆ ಏನೂ ಅನ್ನಲಿಲ್ಲ. ಡಾಲಸ್‌ವರೆಗೂ ಏನೂ ಅನ್ನಲಿಲ್ಲ.

ಮುಂದಿನ ವಾರಗಳಲ್ಲಿ ನಾನು ಟಪಾಲು ಡಬ್ಬಿಯ ಮುಂದೆ ಎಷ್ಟು ನಿಂತೆನೆಂದರೆ ಟಪಾಲಿನವನು ದೂರದಿಂದಲೇ ಕೈಯಾಡಿಸಿ ಇಲ್ಲ ಎನ್ನುವುದನ್ನು ಅಭ್ಯಾಸ ಮಾಡಿಕೊಂಡ. ಪಂಡಿತ ಫೋನಿನಲ್ಲಿ ಕಥೆ ಕೇಳಿ ದೀರ್ಘವಾಗಿ ಉಸಿರು ಬಿಟ್ಟ, ಮುಂದಿನ ಸಲ ನೋಡುವ ಅಕ್ಕ ಎಂದ. ಮುಂದಿನ ಸಲ ಎಂಬುದೇ ಇಲ್ಲ ಎಂದು ಅವನಿಗೂ ಗೊತ್ತಿತ್ತು. ಸೌಟಿನ ಆಂಟಿ ನನಗಾಗಿ ಕಾಪೆಲ್‌ನ ಮಕ್ಕಳಿಗೆ ಕನ್ನಡ ಕಲಿಸುವ ಕೆಲಸ ಹುಡುಕಿಟ್ಟರು, ಸಂಬಳವಿಲ್ಲದ್ದು, ಹಾಗಾಗಿ ವೀಸಾಗೆ ತೊಂದರೆಯಿಲ್ಲ ಎಂದರು. ಆ ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದವು. ವೀಸಾ ಬರುವುದಿಲ್ಲ ಎಂದು ಮನಸ್ಸಿನಲ್ಲೇ ಒಪ್ಪಿಕೊಂಡಿದ್ದೆ.

ತರಗತಿಗೆ ಇನ್ನೇನು ಸ್ವಲ್ಪವೇ ದಿನ ಉಳಿದಿರುವಾಗ ಪಾಸ್‌ಪೋರ್ಟ್ ಬಂತು. ಲಕೋಟೆ ಒಡೆಯುವ ಧೈರ್ಯವಿಲ್ಲದೆ ಗಂಡನ ಕೈಗೆ ಕೊಟ್ಟೆ. ಅವರು ಪುಟ ತಿರುವಿ ನನ್ನ ಕಡೆ ಹಿಡಿದರು. ವೀಸಾ ಇತ್ತು. ಮಲ್ಟಿಪಲ್.

ಆಮೇಲೆ ಇದರ ಕೀರ್ತಿ ಹಂಚಿಕೆಯಾಯಿತು. ಮಿಸೌರಿ ಸಿಟಿಯ ಆಂಟಿ, ನಾನು ನೀರು ಕುಡಿಸಿ ಕಳಿಸಿದ್ದಕ್ಕೇ ಆಯಿತು ಎಂದರು. ಅವರ ಮಾತನ್ನು ತಳ್ಳಿಹಾಕುವಂತೆಯೂ ಇಲ್ಲ. ಪಂಡಿತ ತಾನು ತಯಾರು ಮಾಡಿದ ಅಕ್ಕನಿಗೆ ವೀಸಾ ಸಿಕ್ಕಿತೆಂದು ಆಸ್ಟಿನ್ ತುಂಬಾ ಹೇಳಿಕೊಂಡು ಬಂದ, ನನ್ನ ಬಳಿಕ ಅವನಲ್ಲಿಗೆ ಇನ್ನಷ್ಟು ಜನ ಬಂದರು. ಸೌಟಿನ ಆಂಟಿ ಮಾತ್ರ ನನ್ನ ಕೈ ಹಿಡಿದು ಕಣ್ಣಲ್ಲಿ ನೀರು ತಂದುಕೊಂಡರು. ಧೈರ್ಯವಾಗಿರು ಪುಟ್ಟ, ಈಗೆಲ್ಲ ಇದು ಮಾಮೂಲು ಎಂದರು. ಯಾವುದು ಮಾಮೂಲು ಎಂದು ಕೇಳಲಿಲ್ಲ.

ಏರ್‌ಪೋರ್ಟಿಗೆ ನಾವಿಬ್ಬರೇ ಹೋದೆವು. ಹತ್ತೇ ನಿಮಿಷದ ದಾರಿ, ಆದರೂ ಗಂಡ ಬಹಳ ನಿಧಾನ ಓಡಿಸಿದರು, ಹಿಂದಿನವರು ಹಾರ್ನ್ ಮಾಡಿದರು. ಟೆಕ್ಸಸ್ಸಿನಲ್ಲಿ ಹಾರ್ನ್ ಕೇಳಬೇಕೆಂದರೆ ನಿಜವಾಗಿಯೂ ಅಷ್ಟು ನಿಧಾನ ಹೋಗಬೇಕು. ಸೆಕ್ಯುರಿಟಿ ಸಾಲಿನ ತನಕ ಬಂದು ನನ್ನ ಕೈಚೀಲ ಹಿಡಿದುಕೊಂಡು ನಿಂತರು. ವಾಪಸ್ ಬರುತ್ತೇನೆ ಎಂಬುದೂ ಬರೀ ಶಾಸ್ತ್ರವೇ ಎಂದು ಗಾಜಿನ ಆಚೆಯ ಆ ಹೆಂಗಸು ಕೇಳಿದ್ದನ್ನು ಇವರೂ ಕೇಳಬಹುದೆಂದು ನನಗೆ ಹ್ಯೂಸ್ಟನ್‌ನಿಂದಲೂ ಹೆದರಿಕೆಯಿತ್ತು. ಚೀಲ ತೆಗೆದುಕೊಂಡೆ. ಹೇಳದೆ ವಿಧಿಯಿಲ್ಲ.

“ಹೋಗಿ ಬರ್ತೀನಿ ರೀ.”

ನನ್ನ ಸ್ವೆಟರಿನ ಗುಂಡಿ ಸರಿಯಾಗಿ ಹಾಕಿದೆಯೋ ಇಲ್ಲವೋ ಎಂದು ನೋಡುತ್ತಾ ಅವರು ಹೇಳಿದರು.

“ಬಾ, ಅಷ್ಟ. ಎಲ್ಲಿಗೆ ಅನ್ನೂದು ಆಮ್ಯಾಲೆ ನೋಡೂಣಂತ.”

ಸಾಲು ಮುಂದೆ ಸರಿದಿತ್ತು, ನಾನು ಅಲ್ಲೇ ನಿಂತಿದ್ದೆ. ಹಿಂದೆ ದೊಡ್ಡ ಟೋಪಿ ಹಾಕಿಕೊಂಡಿದ್ದ ಟೆಕ್ಸಸ್ ಅಜ್ಜನೊಬ್ಬ ಬಹಳ ಮರ್ಯಾದೆಯಿಂದ, ಹೋಗಮ್ಮ ಎಂದ. ಪಾಪ, ಬರೀ ಹೋಗು ಎನ್ನಬಾರದು ಎಂದು ಅವನಿಗೆ ಯಾರು ಹೇಳಿಕೊಡಬೇಕು. ಹೋದೆ.